ಕಟ್ಟಿಕೊಂಡ ಡ್ರೋನು

ಡ್ಯೂಟಿ ಮುಗಿಸಿ ಮನೆಗೆ ಬಂದು ಕಾಲುಚೀಲ ಕಳಚಿದಾಗ ಕಣಕಾಲಿನ ಸುತ್ತ ಎಲಾಸ್ಟಿಕ್ಕಿನ ಒಂದು ಗೆರೆ ಉಳಿದಿರುತ್ತದೆ, ನೀವೂ ನೋಡಿರಬಹುದು. ಬೆರಳಿನಿಂದ ಸವರಿದರೆ ಹೊಲದ ಬದುವಿನ ಪಕ್ಕ ತೋಡಿದ ಕಿರುಗಾಲುವೆಯಂತೆ ತಗ್ಗಾಗಿ ಸಿಗುತ್ತದೆ. ಮಿರಜಿನ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದ ಹೊಸತರಲ್ಲಿ ಈ ಗೆರೆ ಚಹಾ ಕುದಿಯುವಷ್ಟರಲ್ಲಿ ಮಾಯವಾಗುತ್ತಿತ್ತು. ಮೂವತ್ತು ವರ್ಷಗಳಾದ ಮೇಲೆ ಈಗ, ಚಹಾ ಕುಡಿದು, ಅನ್ನಕ್ಕಿಟ್ಟು, ಉಂಡು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೂ ಅದು ಅಲ್ಲೇ ಇರುತ್ತದೆ. ಚರ್ಮಕ್ಕೆ ತನ್ನ ಮೊದಲಿನ ಆಕಾರ ನೆನಪಾಗಲು ಅಷ್ಟು ಹೊತ್ತು ಬೇಕು. ದಣಿವೆಂದರೆ ಇದೇ ಇರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ: ಬೇರೇನಲ್ಲ, ಮೊದಲಿನಂತಾಗಲು ಹಿಡಿಯುವ ಹೊತ್ತು.

ಆದರೆ ಕಾಲಿನ ದಣಿವು ಸಾಧು. ಕಾಲು ಮೇಲಿಟ್ಟರೆ ಇಳಿಯುತ್ತದೆ. ಇಳಿಯದಿರುವುದು ತೀರ್ಮಾನ ಮಾಡುವ ದಣಿವು. ವಾರ್ಡಿನಲ್ಲಿ ದಿನವಿಡೀ ಸಣ್ಣಸಣ್ಣ ತೀರ್ಮಾನಗಳು: ಯಾವ ಕೈಯ ನರ ಹಿಡಿಯಲಿ, ಯಾರನ್ನು ಮೊದಲು ನೋಡಲಿ, ಈ ಅಜ್ಜಿಯ ಮಗನಿಗೆ ಈಗಲೇ ಹೇಳಲೋ ಡಾಕ್ಟರು ಬರುವವರೆಗೆ ತಡೆಯಲೋ. ಅಲ್ಲಿ ತಪ್ಪದೆ ತೀರ್ಮಾನಿಸಿದವಳು ಸಂಜೆ ತರಕಾರಿಯವನ ಮುಂದೆ ನಿಂತು ಬದನೆಯೋ ಬೆಂಡೆಯೋ ಎಂದು ತೋಚದೆ ಬರಿಗೈಲಿ ಮನೆಗೆ ಬಂದದ್ದುಂಟು. ಇಂಥ ಸ್ಥಿತಿಯಲ್ಲಿದ್ದವಳ ಮುಂದೆ ಒಂದು ಭಾನುವಾರ ನನ್ನ ಅಣ್ಣ ಒಂದು ಪ್ರಶ್ನೆ ತಂದಿಟ್ಟ. ಡ್ರೋನು ಕಟ್ಟುವುದೋ, ಕೊಳ್ಳುವುದೋ?

ಅಣ್ಣನ ವಿಷಯ ಮೊದಲು ಹೇಳಬೇಕು. ಹೆಸರು ನೇಮಗೊಂಡ, ನಾವೆಲ್ಲ ದಾದಾ ಎನ್ನುತ್ತೇವೆ. ಸಾಂಗ್ಲಿಯಿಂದ ಕೃಷ್ಣೆಯ ಪೂಲು, ಅಂದರೆ ಸೇತುವೆ, ದಾಟಿದರೆ ಸಾಂಗ್ಲಿವಾಡಿ. ಅಲ್ಲಿ ನಲವತ್ತು ವರ್ಷದಿಂದ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಮಹಾಪೂರ ಬಂದು ಇಳಿದ ಮೇಲೆ ಹೊಲದ ಮೋಟರುಗಳೆಲ್ಲ ಕೆಸರು ಕುಡಿದು ಅವನ ಅಂಗಳದಲ್ಲಿ ಸಾಲಾಗಿ ಮಲಗುತ್ತಿದ್ದವು, ನಮ್ಮ ವಾರ್ಡಿನ ಹಾಗೆಯೇ. ಅವನು ಒಂದೊಂದನ್ನೂ ಬಿಚ್ಚಿ, ತೊಳೆದು, ಒಣಗಿಸಿ, ಹೊಸ ತಾಮ್ರ ಸುತ್ತಿ ಎಬ್ಬಿಸಿ ಕಳಿಸುತ್ತಿದ್ದ. ಇನ್ನೊಬ್ಬರು ಮಾಡಿದ ಕೆಲಸವನ್ನು ಅವನು ನಂಬಿದ್ದನ್ನು ನಾನು ಕಂಡಿಲ್ಲ. ಅಂಗಡಿಗೆ ಬಂದ ಹೊಸ ಸ್ವಿಚ್ಚನ್ನೂ ಬಿಚ್ಚಿ ನೋಡಿಯೇ ಗೋಡೆಗೆ ಕೂಡಿಸುವವನು.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಜಪಮಾಲೆ ಎಣಿಸುವವರ ಹಾಗೆ. ನಾನು ನೋಡಿದ ಗಳಿಗೆಯಲ್ಲೇ ಗುರುತಿಸಿದೆ. ಗುರುತಿಸಿದವಳು ನಾನಾದೆನಲ್ಲ ಎಂದು ಬೇಸರಪಟ್ಟೆ. ಕಂಪವಾತ ಎಂದರು ಡಾಕ್ಟರು. ಗುಳಿಗೆ ಶುರುವಾಯಿತು. ಅಂಗಡಿಯ ಶಟರು ಅರ್ಧಕ್ಕೆ ಇಳಿಯಿತು, ಆಮೇಲೆ ಪೂರ್ತಿ. ಅದಕ್ಕಿಂತ ಅವನಿಗೆ ಹೆಚ್ಚು ನೋವಾದದ್ದು ಮೋಟರ್‌ಸೈಕಲ್ಲಿನ ಬಗ್ಗೆ. ಅರವತ್ತು ದಾಟಿದ ಮೇಲೂ ಬೇಡಗದ ಸೋದರಮಾವನ ಮನೆಗೆ ಅವನು ಗಾಡಿ ಓಡಿಸಿಕೊಂಡು ಹೋದರೆ ರಸ್ತೆಯಲ್ಲಿ ಎಮ್ಮೆಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಒಂದು ದಿನ ಪೂಲಿನ ಮೇಲೆ ಬ್ರೇಕು ಹಿಡಿಯುವುದು ತಡವಾಗಿ ಬಿದ್ದ. ಮೊಣಕಾಲು ತರಚಿತು, ಅಷ್ಟೆ. ಆದರೆ ವಹಿನಿ, ಅಂದರೆ ನನ್ನ ಅತ್ತಿಗೆ, ಒಂದು ಮಾತೂ ಆಡದೆ ಗಾಡಿಯ ಕೀಲಿಯನ್ನು ತನ್ನ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡರು. ಅವನೂ ಕೇಳಲಿಲ್ಲ. ಕೇಳದಿದ್ದದ್ದು ನನಗೆ ಬಿದ್ದದ್ದಕ್ಕಿಂತ ಕೆಟ್ಟದ್ದೆನಿಸಿತು.

ಇಂಥವನ ಬದುಕಿಗೆ ಡ್ರೋನು ಬಂದದ್ದು ಹಿತ್ತಲಿನ ಕಬ್ಬಿನ ಹೊಲದಿಂದ. ಅವನ ಮನೆಯ ಹಿಂದಿನ ಹೊಲಕ್ಕೆ ಔಷಧ ಸಿಂಪಡಿಸಲು ಮಾನಸಿ ಎಂಬ ಇಪ್ಪತ್ತಾರರ ಹುಡುಗಿ ದೊಡ್ಡದೊಂದು ಡ್ರೋನು ತಂದಿದ್ದಳು. ಹರಿಪುರದವಳು, ಮನೆಯಲ್ಲಿ ಅಜ್ಜಿ ಕನ್ನಡ ಮಾತಾಡುತ್ತಾಳೆ, ಇವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. ದಾದಾ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದವನು ಯಂತ್ರ ಕೆಳಗಿಳಿದ ಮೇಲೆ ಹತ್ತಿರ ಹೋಗಿ ಅದರ ಮೋಟರಿಗೆ ಮೂಗು ತಗುಲುವಷ್ಟು ಬಾಗಿದನಂತೆ.

"ಮೂರ ತಂತಿ," ಅಂದನಂತೆ. "ಇದು ತ್ರೀ ಫೇಸ್ ಐತಲ್ಲ! ಎರಡ ತಂತಿ ಅದಲಾಬದಲಿ ಮಾಡಿದರ ಉಲ್ಟಾ ತಿರಗತೈತಿ. ಹೌದಲ್ಲ?"

ಮಾನಸಿ ಬೆರಗಾಗಿ, "ಹೋ ಕಾಕಾ! ತುಮ್ಹಾಲಾ ಕಸಂ ಮಾಹೀತ್?" ಎಂದಳು, ಹೌದು, ನಿಮಗೆ ಹೇಗೆ ಗೊತ್ತು ಎಂದು.

"ನಲವತ್ತ ವರ್ಷ ಇದನ್ನ ಮಾಡೇನಿ ನಾ. ಇದು ನಂದ ಮೋಟರು. ಸಣ್ಣ ಆಗೇತಿ, ಅಷ್ಟ."

ಆ ಮಾತಿಗೆ ಮೆಚ್ಚಿಯೋ ಏನೋ, ಮುಂದಿನ ಭಾನುವಾರ ಅವಳು ಅವನನ್ನು ಹರಿಪುರಕ್ಕೆ ಕರೆದಳು. ಸೋಯಾಬೀನ್ ತೆಗೆದು ಖಾಲಿ ಬಿಟ್ಟಿದ್ದ ಅವಳ ಸೋದರಮಾವನ ಹೊಲದಲ್ಲಿ ಅವಳೂ ಅವಳ ಇಬ್ಬರು ಗೆಳತಿಯರೂ ಅಂಗೈಯಗಲದ ಡ್ರೋನುಗಳನ್ನು ಪಂದ್ಯಕ್ಕೆ ಬಿಡುತ್ತಾರೆ. ಎಫ್‌ಪಿವಿ ಎನ್ನುತ್ತಾರೆ ಅದಕ್ಕೆ. ಡ್ರೋನಿನ ಮೂಗಿನಲ್ಲೊಂದು ಕ್ಯಾಮೆರಾ. ಅದು ಕಂಡದ್ದೆಲ್ಲ ಹಾರಿಸುವವರ ಕಣ್ಣಿಗೆ ಕಟ್ಟಿದ ಕನ್ನಡಕದೊಳಗೆ ಆ ಕ್ಷಣವೇ ಮೂಡುತ್ತದೆ. ದೇಹ ಕುರ್ಚಿಯಲ್ಲಿ, ಕಣ್ಣು ಗಾಳಿಯಲ್ಲಿ. ಪೈಪಿನಿಂದ ಮಾಡಿದ ಚೌಕಟ್ಟುಗಳನ್ನು ಬಾಗಿಲುಗಳ ಹಾಗೆ ಹೊಲದ ತುಂಬ ನಿಲ್ಲಿಸಿ, ಅವುಗಳ ನಡುವೆ ನುಗ್ಗುವುದೇ ಆಟ. ಅಂದು ನಾನೂ ಜೊತೆಗಿದ್ದೆ, ದಾದಾನ ಗುಳಿಗೆ ಡಬ್ಬಿ ಹಿಡಿದುಕೊಂಡು. ಮಾನಸಿ ತನ್ನದನ್ನು ಹಾರಿಸುತ್ತ ಇನ್ನೊಂದು ಕನ್ನಡಕವನ್ನು ಅವನ ಕಣ್ಣಿಗೆ ಕಟ್ಟಿದಳು.

ಅವನು ಪ್ಲಾಸ್ಟಿಕ್ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದ. ಡ್ರೋನು ಎಡಕ್ಕೆ ವಾಲಿದಾಗ ಎಡಕ್ಕೆ ವಾಲಿದ, ಬಲಕ್ಕೆ ವಾಲಿದಾಗ ಬಲಕ್ಕೆ. ಬಾಯಿ ತೆರೆದೇ ಇತ್ತು. ಎರಡು ನಿಮಿಷವಾಗಿರಬೇಕು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಸುಶೀ, ಎರಡ ವರ್ಷ ಆದಮ್ಯಾಲ ಇವತ್ತ ಮಾರಿಗೆ ಗಾಳಿ ಬಡೀತು ನೋಡ," ಅಂದ.

ಅಂದು ಗಾಳಿಯೇ ಇರಲಿಲ್ಲ. ಕಬ್ಬಿನ ಗರಿ ಕೂಡ ಅಲುಗುತ್ತಿರಲಿಲ್ಲ.

ಹೀಗೆ ಹುಟ್ಟಿತು ಪ್ರಶ್ನೆ. ತನಗೊಂದು ಬೇಕು ಎಂಬಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕಟ್ಟುವುದೋ ಕೊಳ್ಳುವುದೋ ಎಂದು ಮಾನಸಿಯನ್ನು ಕೇಳಿದಾಗ ಅವಳು ತಾಳ್ಮೆಯಿಂದ ಎರಡೂ ದಾರಿಯನ್ನು ಬಿಡಿಸಿ ಹೇಳಿದಳು. ಹೊರದೇಶದ ತಯಾರು ಡ್ರೋನು ತರಿಸುವಂತಿಲ್ಲ. ಬಿಡಿಭಾಗ ತರಿಸಿ ಇಲ್ಲಿಯೇ ಜೋಡಿಸಿ ಮಾರುವವರಿದ್ದಾರೆ. ಅಂಥದ್ದನ್ನು ಕೊಂಡರೆ ಬ್ಯಾಟರಿ ತುಂಬಿಸಿ ಅದೇ ದಿನ ಹಾರಿಸಬಹುದು. ಆದರೆ ಹೊಸಬರದು ಮೊದಲ ದಿನವೇ ಬಿದ್ದು ಮುರಿಯುತ್ತದೆ, ಆಗ ಒಳಗೇನಿದೆ ಎಂದು ಗೊತ್ತಿಲ್ಲದೆ ತಲೆ ಮೇಲೆ ಕೈ ಹೊತ್ತು ಕೂರಬೇಕು. ಕಟ್ಟಿದರೆ ತಿಂಗಳು ಹಿಡಿಯುತ್ತದೆ, ಬೆಸುಗೆ ಕಲಿಯಬೇಕು, ಒಮ್ಮೆ ಹೊಗೆ ಬಂದರೂ ಬರಬಹುದು. ಆದರೆ ಬಿದ್ದಾಗ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕೈಗೆ ಗೊತ್ತಿರುತ್ತದೆ. ಯಾವುದಾದರೂ ಸರಿ, ಇನ್ನೂರೈವತ್ತು ಗ್ರಾಮಿನ ಒಳಗಿರಲಿ ಎಂದಳು. ಹಗುರಾದಷ್ಟು ನಿಯಮವೂ ಹಗುರ, ಬಿದ್ದರೆ ಪೆಟ್ಟೂ ಹಗುರ.

ದಾದಾನ ಕಣ್ಣು ಹೊಳೆಯುತ್ತಿತ್ತು. ಅವನಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ಆದರೆ ನಾನು ದಣಿದಿದ್ದೆ. ಆರು ದಿನ ನಿಂತು ಏಳನೆಯ ದಿನವೂ ಬಸ್ಸು ಹಿಡಿದು ಬಂದಿದ್ದೆ. ಬೇಗ ಮುಗಿಯುವುದು ಯಾವುದೋ ಅದೇ ಸರಿಯೆಂದು ಕಂಡು, "ಕೊಂಡಬಿಡೋಣು ದಾದಾ. ಸುಮ್ಮ ಯಾಕ ತ್ರಾಸು?" ಅಂದೆ.

ಅವನು ನನ್ನನ್ನೇ ನೋಡಿದ. "ನನ್ನ ಕೈ ನೋಡಿ ಹೇಳಾಕತ್ತಿಯೇನ?"

"ಅಲ್ಲ."

"ಅದನ್ನ ನೋಡಿ ಹೇಳಾಕತ್ತಿ."

ಮತ್ತೊಮ್ಮೆ ಅಲ್ಲ ಎನ್ನದೆ ಗುಳಿಗೆ ಡಬ್ಬಿಯ ಮುಚ್ಚಳ ಒತ್ತಿದೆ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಚೈತನ್ಯ ಬೇಕು ನೋಡಿ. ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ, ಏನೂ ಆಗೂದಿಲ್ಲ, ಆರಾಮ ಆಗ್ತೀರಿ ಎನ್ನುವವಳಿಗೆ ಅಂದು ಅಣ್ಣನಿಗೆ ಹೇಳಲು ಇನ್ನೊಂದು ಹಗುರ ಸುಳ್ಳೂ ಉಳಿದಿರಲಿಲ್ಲ.

ಮಿರಜಿಗೆ ಮರಳುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಹದಿಮೂರು ವರ್ಷದ ನಾನು. ಶಾಲೆ ಬಿಟ್ಟ ಮೇಲೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಅವನು ತಂತಿ ಸುತ್ತುವುದನ್ನು ನೋಡುತ್ತಿದ್ದೆ. ತಾಮ್ರದ ಎಳೆ ಎಳೆ ಒಂದರ ಪಕ್ಕ ಒಂದು ಮಲಗುವುದು ಹೆರಳು ಹಾಕಿದಷ್ಟು ಚೆಂದ. ಒಂದು ದಿನ ನಾನೂ ಸುತ್ತುತ್ತೇನೆ ಎಂದೆ. "ಇದು ಹೆಣಮಕ್ಕಳ ಕೆಲಸ ಅಲ್ಲ, ಹೋಗ, ಅವ್ವ ಕರೀತಾಳ," ಅಂದ. ಗದರಿಸಿ ಅಂದದ್ದಲ್ಲ, ಎಲ್ಲರೂ ಹೇಳುವುದನ್ನೇ ಹೇಳಿದ. ಅವ್ವ ಕರೆದಿರಲಿಲ್ಲ. ಆಮೇಲೆ ನಾನು ನರ್ಸಿಂಗ್ ಓದಿದೆ, ಕೆಲಸ ಹಿಡಿದೆ. ಎಳೆಗೂಸಿನ ದಾರದಂಥ ನರಕ್ಕೂ ಮೊದಲ ಸಲಕ್ಕೇ ಸೂಜಿ ಹಾಕುವವಳು ಎಂದು ಹೆಸರಾಯಿತು. ಅಂಗಡಿಯ ಆ ಮಾತು ನನ್ನೊಳಗೆ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಅದು ಎದ್ದು ಬಂತು, ಸಿಟ್ಟಾಗಿಯಲ್ಲ, ಬರೀ ಒಂದು ಸಂಗತಿಯಾಗಿ.

ಎರಡು ಭಾನುವಾರ ನಾನು ಸಾಂಗ್ಲಿವಾಡಿಗೆ ಹೋಗಲಿಲ್ಲ. ಡ್ಯೂಟಿ ಇದೆ ಎಂದೆ. ಒಂದು ಸಲ ಇತ್ತು, ಇನ್ನೊಂದು ಸಲ ಮಲಗಿದ್ದೆ. ಮೂರನೆಯ ವಾರ ವಹಿನಿಯ ಫೋನು ಬಂತು. ಅವರು ಫೋನಿನಲ್ಲಿ ಮಾತು ಉಳಿಸುವವರು. "ನಾಕ ದಿನಾತು, ಅಂಗಡಿ ಶಟರ್ ಒಳಗಿಂದ ಹಾಕ್ಕೊಂಡ ಕುಂದರ್ತಾರ. ಸುಟ್ಟ ವಾಸನಿ ಬರತೈತಿ. ನೀನ ಬಾರವಾ," ಎಂದಿಷ್ಟೇ ಹೇಳಿದರು.

ಹೋದೆ. ಶಟರು ಬಡಿದೆ. ತೆರೆದವನ ಎಡಗೈ ತೋರುಬೆರಳಿಗೆ ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿತ್ತು. ಮೇಜಿನ ಮೇಲೆ, ಒಂದು ಕಾಲಕ್ಕೆ ದೊಡ್ಡ ಮೋಟರು ಮಲಗುತ್ತಿದ್ದ ಜಾಗದಲ್ಲಿ, ನಾಲ್ಕು ಕಾಲಿನ ಒಂದು ಕರಿ ಚೌಕಟ್ಟು, ನಾಲ್ಕು ಪುಟ್ಟ ಮೋಟರು, ಬೆಂಕಿಪೊಟ್ಟಣದಷ್ಟೇ ಇರುವ ಹಸಿರು ಸರ್ಕಿಟ್ ಹಲಗೆ. ಮಾನಸಿಯಿಂದ ಭಾಗಗಳನ್ನು ತರಿಸಿಕೊಂಡು ಅವನು ಒಬ್ಬನೇ ಶುರುಮಾಡಿದ್ದ. ಹಲಗೆಯ ಅಂಚಿನಲ್ಲಿ ಸಾಸಿವೆಯಷ್ಟಗಲದ ಚುಕ್ಕೆಗಳಿಗೆ ತಂತಿ ಬೆಸೆಯಬೇಕಿತ್ತು. ಬೆಸುಗೆಯ ಕಾದ ಕಡ್ಡಿ ಜಾರಿ ಎರಡು ಚುಕ್ಕೆ ಬುಡಸಮೇತ ಕಿತ್ತು ಬಂದು ಹಲಗೆ ಸುಟ್ಟು ಕರಕಲಾಗಿತ್ತು. ಪಕ್ಕದಲ್ಲಿ ಹಾಗೆಯೇ ಸುಟ್ಟ ಇನ್ನೊಂದು. ಮೂರನೆಯದು ಇನ್ನೂ ಪೊಟ್ಟಣದಲ್ಲಿತ್ತು.

ಈ ಕಾಯಿಲೆಯ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ತೊಡಗಿದಾಗ ಕಡಿಮೆ ಎಂದು ನಾನು ಬಲ್ಲೆ. ಗುಳಿಗೆ ನುಂಗಿದ ಮೇಲಿನ ಒಂದೆರಡು ತಾಸು ಇನ್ನೂ ಕಡಿಮೆ. ಆ ತಾಸುಗಳನ್ನೇ ಆರಿಸಿ ಅವನು ಕೂತಿದ್ದ. ಆದರೆ ಸೂಜಿಮೊನೆಯ ಕೆಲಸಕ್ಕೆ ಕಡಿಮೆ ಎಂಬುದು ಸಾಲದು.

ಟೇಪು ಬಿಚ್ಚಿದೆ. ಅದರಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಬೈಯಬೇಕೆಂದು ಬಂದಿದ್ದೆ. ನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ತೆಳ್ಳಗೆ ಪಟ್ಟಿ ಕಟ್ಟತೊಡಗಿದೆ. ಅವನು ಬೆರಳನ್ನು ನೋಡುತ್ತಿರಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದ, ಅಂಗಡಿಗೆ ಬಂದ ಹೊಸ ಹತಾರವನ್ನು ನೋಡುವ ಹಾಗೆ.

"ನಿನ್ನ ಕೈ ಒಂದ ಚೂರೂ ಅಲಗಾಡೂದಿಲ್ಲಲ್ಲ," ಅಂದ.

"ಅದರ ಮ್ಯಾಲೇ ಹೊಟ್ಟಿ ತುಂಬತೈತಿ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾದು ಸದ್ದು ಅಡಗುವವರೆಗೂ ಕಾದ. "ಕಡ್ಡಿ ಹಿಡೀತಿಯೇನವಾ?"

ನಾನು ಒಲ್ಲೆ ಅನ್ನಬೇಕೆಂದಿದ್ದೆ. ಇದನ್ನು ನಿಮ್ಮ ಮುಂದೆ ಮರೆಮಾಚುವುದಿಲ್ಲ. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದಿತ್ತು, ಮರುದಿನ ಬೆಳಿಗ್ಗೆ ಏಳಕ್ಕೆ ಡ್ಯೂಟಿ. ನಲವತ್ತು ವರ್ಷದ ಹಿಂದೆ ಇದೇ ಮಾತು ಕೇಳಿದ್ದರೆ ಕುಣಿದಾಡುತ್ತಿದ್ದೆನಲ್ಲ ಎಂಬುದೂ ನೆನಪಾಯಿತು. ಕುಣಿಯುವ ಬಯಕೆ ಮಾತ್ರ ಬರಲಿಲ್ಲ. ಆಸೆಗೂ ಒಂದು ಹಂಗಾಮಿದೆ. ಹಂಗಾಮು ದಾಟಿ ಬಂದ ಮಳೆಗೆ ರೈತ ಹಿಗ್ಗುವುದಿಲ್ಲ, ಬಂತಲ್ಲ ಎಂದು ನೋಡುತ್ತಾನೆ. ಹಾಗೆ ನೋಡಿದೆ. ಆಮೇಲೆ ಸ್ಟೂಲು ಎಳೆದುಕೊಂಡು ಕೂತೆ.

ಐದು ಭಾನುವಾರ ಹಿಡಿಯಿತು. ಒಳ್ಳೆಯ ಗುರು ಎಂದು ಅವನನ್ನು ಹೊಗಳಲಾರೆ. ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ತಿರುತಿರುಗಿ ನೋಡಿ ದೂರುತ್ತಿದ್ದ. "ಇದು ಬೆಸಗಿ ಅಲ್ಲ, ಉಗಳ ಬಿದ್ದಂಗ ಆಗೇತಿ. ತಗದ ಹಾಕು." ತೆಗೆದು ಹಾಕುತ್ತಿದ್ದೆ. "ಕಾಸಬೇಕಾದ್ದು ತಂತೀನ. ಬೆಸಗಿ ಸೀಸ ತಾನ ಕರಗಿ ಹರಿದ ಹೋಗಬೇಕ, ನೀ ಒತ್ತಬ್ಯಾಡ." ಒತ್ತುತ್ತಿರಲಿಲ್ಲ. ಸಿಟ್ಟು ಬಂದಾಗ ನಾನು, ಪೇಶಂಟ ಇಷ್ಟ ಮಾತಾಡೂದಿಲ್ಲ, ಬಾಯಿ ಮುಚ್ಚು ಅನ್ನುತ್ತಿದ್ದೆ. ಅವನು ಒಂದು ನಿಮಿಷ ಮುಚ್ಚುತ್ತಿದ್ದ. ನಡುನಡುವೆ ವಹಿನಿ ಬಂದು ಚಹಾ ಇಟ್ಟು, ಇಬ್ಬರನ್ನೂ ಒಮ್ಮೆ ನೋಡಿ ಹೋಗುತ್ತಿದ್ದರು.

ನಮ್ಮ ನುಡಿಯಲ್ಲಿ ಕಟ್ಟಿಕೊಳ್ಳುವುದು ಎಂಬ ಮಾತಿದೆ. ಬುತ್ತಿ ಕಟ್ಟಿಕೊಳ್ಳುತ್ತೇವೆ, ಗಂಡನನ್ನು ಕಟ್ಟಿಕೊಳ್ಳುತ್ತೇವೆ, ಪಾಪವನ್ನೂ ಕಟ್ಟಿಕೊಳ್ಳುತ್ತೇವೆ. ಆ ಮಾತಿನೊಳಗೆ ಕಟ್ಟುವುದೂ ಇದೆ, ಕೊಳ್ಳುವುದೂ ಇದೆ. ನಾವು ಎರಡು ದಾರಿಯೆಂದು ಜಗಳಾಡಿದ್ದನ್ನು ಭಾಷೆ ಬಹಳ ಹಿಂದೆಯೇ ಒಂದೇ ಗಂಟಿನಲ್ಲಿ ಬಿಗಿದಿಟ್ಟಿದೆ. ಬೆಸುಗೆ ಕಡ್ಡಿ ಹಿಡಿದು ಕೂತಾಗ ಇಂಥವೆಲ್ಲ ಹೊಳೆಯುತ್ತವೆ, ಯಾಕೆಂದರೆ ಕಣ್ಣು ಸಾಸಿವೆಯಷ್ಟು ಜಾಗದಲ್ಲಿ ನಿಂತಾಗ ಮನಸ್ಸಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಕೊಂಡ ವಸ್ತುವಿನ ಬಗ್ಗೆ ನಮಗೆ ದೂರುವ ಹಕ್ಕಿರುತ್ತದೆ. ಕಟ್ಟಿದ ವಸ್ತುವಿನಲ್ಲಿ ದೂರಲು ಇನ್ನೊಬ್ಬರು ಸಿಗುವುದಿಲ್ಲ. ದಣಿದವರು ಕೊಳ್ಳುವುದನ್ನೇ ಆರಿಸುವುದು ಬಹುಶಃ ಇದಕ್ಕೇ: ದೂರನ್ನಾದರೂ ಹೊರಗೆ ಎಲ್ಲಿಗೋ ಕಳಿಸಬಹುದಲ್ಲ ಎಂದು.

ನಾಲ್ಕನೆಯ ಭಾನುವಾರ ಹನ್ನೆರಡು ತಂತಿಗಳಲ್ಲಿ ಹನ್ನೊಂದನೆಯದನ್ನು ಬೆಸೆಯುತ್ತಿದ್ದಾಗ ದಾದಾ ಇದ್ದಕ್ಕಿದ್ದಂತೆ, "ಆಗ ಹೇಳಿ ಕೊಡಬೇಕಿತ್ತು," ಅಂದ.

"ಯಾವಾಗ?"

"ಆಗ."

ನಾನು ತಲೆ ಎತ್ತಲಿಲ್ಲ. ಎತ್ತಿದರೆ ಕಡ್ಡಿ ಜಾರುತ್ತಿತ್ತು. ಅವನಿಗೂ ನೆನಪಿತ್ತು ಎಂಬುದೇ ನನಗೆ ಹೊಸ ಸುದ್ದಿ. ಇಂಥ ಮಾತು ಕೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಹಾಗಾಗಲಿಲ್ಲ. ಈಗ ಏನು ಉಪಯೋಗ ಎಂಬ ಒಂದು ಸಪ್ಪೆ ಯೋಚನೆ ಬಂತು, ಅದರ ಬೆನ್ನಿಗೆ ಸೀಸ ಕರಗಿ ತಂತಿಯ ಸುತ್ತ ಹೊಳೆಯುತ್ತ ಹರಿಯಿತು, ಅದನ್ನು ನೋಡುತ್ತ ಯೋಚನೆ ಮರೆತುಹೋಯಿತು. "ಹನ್ನೆರಡನೇದು ಕೊಡು," ಅಂದೆ. ಕೊಟ್ಟ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಹಚ್ಚುವ ದಿನ ಮಾನಸಿಯೂ ಬಂದಳು. ತಂತಿ ಎಲ್ಲಿಯಾದರೂ ತಪ್ಪಾಗಿ ಕೂಡಿದ್ದರೆ ಹೊಗೆ ಬರದ ಹಾಗೆ ತಡೆಯುವ ಒಂದು ಡಬ್ಬಿ ಅವಳ ಚೀಲದಲ್ಲಿತ್ತು. ದಾದಾ ಅದನ್ನು ಮುಟ್ಟಲಿಲ್ಲ. ಹಳೆಯ ಸ್ಕೂಟರಿನ ಒಂದು ಬಲ್ಬನ್ನು ಬ್ಯಾಟರಿಗೂ ಹಲಗೆಗೂ ನಡುವೆ ಕೂಡಿಸಿ, "ಬಲ್ಬ ಹತ್ತಿ ಉಳದರ ತಪ್ಪೈತಿ, ಒಮ್ಮೆ ಮಿಣಕ್ ಅಂದ ಆರಿದರ ಸರಿ ಐತಿ," ಅಂದ. ಬಲ್ಬು ಮಿಣಕ್ ಎಂದು ಆರಿತು. ಆದರೆ ಒಂದು ಮೋಟರು ಮಾತ್ರ ತಿರುಗಬೇಕಾದ ಕಡೆಗಲ್ಲದೆ ಹಿಮ್ಮುಖ ತಿರುಗುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು ಎಂದಳು ಮಾನಸಿ.

"ಗುಂಡಿ ಗಿಂಡಿ ಏನ ಬ್ಯಾಡ. ಸುಶೀ, ಎರಡ ತಂತಿ ಅದಲಾಬದಲಿ ಮಾಡು."

ಮಾಡಿದೆ. ಸರಿಯಾಗಿ ತಿರುಗಿತು. ಅವನು ಅಂದು ನಕ್ಕಂಥ ನಗುವನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಆದರೆ ಕಟ್ಟುವುದು ಒಂದು, ಹಾರಿಸುವುದು ಇನ್ನೊಂದು. ಮೊದಲು ಮಾನಸಿಯ ಲ್ಯಾಪ್‌ಟಾಪಿನಲ್ಲಿ ಚಿತ್ರದ ಡ್ರೋನನ್ನು ಹಾರಿಸಿ ಕಲಿಯಬೇಕು. ದಾದಾ ರಿಮೋಟಿನ ಎರಡು ಕಡ್ಡಿಗಳ ಮೇಲೆ ಹೆಬ್ಬೆರಳಿಟ್ಟ ಕೂಡಲೇ ಪರದೆಯ ಮೇಲಿನ ಡ್ರೋನು ಜ್ವರ ಬಂದ ಮಗುವಿನಂತೆ ನಡುಗಿತು. ಅವನ ನಡುಕವನ್ನು ಅದು ಆಕಾಶದಲ್ಲಿ ದೊಡ್ಡದು ಮಾಡಿ ಎಲ್ಲರಿಗೂ ತೋರಿಸುತ್ತಿತ್ತು. ಅವನು ರಿಮೋಟನ್ನು ಮೇಜಿನ ಮೇಲಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. "ನೀವ ಹಾರಸ್ರಿ. ನಾ ನೋಡ್ತೇನಿ," ಅಂದ. ತಂಗಿಗೂ ಅವನು ನೀವು ಎಂಬ ಬಹುವಚನಕ್ಕೆ ಇಳಿದನೆಂದರೆ ಮನಸ್ಸು ಮುರಿದಿದೆ ಎಂದು ಅರ್ಥ.

ಮಾನಸಿ ಸ್ವಲ್ಪ ಯೋಚಿಸಿ, ತನಗೆ ಬಂದ ಕನ್ನಡದಲ್ಲೇ ತಡವರಿಸುತ್ತ ಹೇಳಿದಳು: "ಕಾಕಾ, ಯಂತ್ರಕ್ಕ ಸಾಂಗ... ಹೇಳಬಹುದು. ಸಣ್ಣ ಸಣ್ಣ ಅಲಗಾಡಿದ್ದ ಲೆಕ್ಕ ಹಿಡೀಬ್ಯಾಡ ಅಂತ. ದೊಡ್ಡದ ಮಾಡಿದರ ಮಾತ್ರ ಕೇಳ ಅಂತ."

ಅಂದರೆ, ರಿಮೋಟಿನ ಕಡ್ಡಿ ಓಡಾಡುವ ಜಾಗದ ನಡುವೆ ಒಂದಿಷ್ಟನ್ನು ಕಿವುಡು ಮಾಡಿಬಿಡುವುದು. ಅದರೊಳಗೆ ಹೆಬ್ಬೆರಳು ಎಷ್ಟು ಮಿಸುಕಿದರೂ ಯಂತ್ರ ಕೇಳಿಸಿಕೊಳ್ಳುವುದಿಲ್ಲ. ಅವಳು ಅಂಕಿ ಏರಿಸುತ್ತ ಹೋದಳು, ಅವನು ಕಡ್ಡಿ ಹಿಡಿದು ಕೂತ, ಗುಳಿಗೆ ನುಂಗಿ ಒಂದು ತಾಸಾಗಿತ್ತು. ಒಂದು ಹಂತದಲ್ಲಿ ಡ್ರೋನು ನಿಂತಿತು. ಕೈ ನಡುಗುತ್ತಲೇ ಇತ್ತು. ಅದು ನಿಂತೇ ಇತ್ತು. ಮನುಷ್ಯರಿಗೆ ಇಷ್ಟನ್ನು ಹೇಳಿಕೊಡಲು ಎಷ್ಟು ಕಷ್ಟ ಎಂದು ನಾನು ಯೋಚಿಸುತ್ತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ ಮೊದಲು ಅವನ ಕೈ ನೋಡಿ ಆಮೇಲೆ ಮುಖ ನೋಡುತ್ತಾರೆ. ನಾನೂ ಹಾಗೆಯೇ ನೋಡಿ, ಕೊಂಡುಬಿಡೋಣ ಅಂದವಳು.

ಒಂದು ತಿಂಗಳು ಅವನು ಲ್ಯಾಪ್‌ಟಾಪಿನಲ್ಲಿ ಬಿದ್ದು ಬಿದ್ದು ಕಲಿತ. ಚಳಿ ಹಿಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹರಿಪುರಕ್ಕೆ ಹೋದೆವು. ವಹಿನಿಯೂ ಬಂದರು, ಮೊದಲ ಸಲ, ಮಡಿಲಲ್ಲಿ ತಿಂಡಿಯ ಡಬ್ಬಿ ಇಟ್ಟುಕೊಂಡು. ವಾರಣಾ ಬಂದು ಕೃಷ್ಣೆಗೆ ಕೂಡುವ ಕಡೆಯಿಂದ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಿಂದಿನ ದಿನ ನಮ್ಮ ವಾರ್ಡಿನಲ್ಲಿ ಇಬ್ಬರು ತೀರಿಕೊಂಡಿದ್ದರು. ನನಗೆ ಮಾತು ಬೇಡವಾಗಿತ್ತು. ದಾದಾ ಕುರ್ಚಿಯಲ್ಲಿ ಕೂತ, ಕನ್ನಡಕ ಕಟ್ಟಿಕೊಂಡ, ಮಾನಸಿ ಪಕ್ಕದಲ್ಲಿ ನಿಂತು ಆಕಾಶ ಕಾಯತೊಡಗಿದಳು.

ಎದ್ದಿತು. ಸಿಳ್ಳೆಯಂಥ ಒಂದು ಸದ್ದು, ಆಮೇಲೆ ಎದೆಯ ಮಟ್ಟದಲ್ಲಿ ನಿಂತ ಒಂದು ಕಪ್ಪು ಚುಕ್ಕೆ. ಮುಂದೆ ಹೋಯಿತು. ಹೊಲವನ್ನು ಒಂದು ಸುತ್ತು ಹಾಕಿತು. ಎರಡನೆಯ ಸುತ್ತಿಗೆ ಅವನು ವೇಗ ಹೆಚ್ಚಿಸಿದ. ಮಾನಸಿ, ಸಾವಕಾಶ ಕಾಕಾ, ಎನ್ನುತ್ತಿದ್ದ ಹಾಗೆ ಮೊದಲ ಬಾಗಿಲನ್ನು ದಾಟಿತು. ಸರಿಯಾಗಿ ನಡುವಿನಿಂದ! ವಹಿನಿ, ಎಂದೂ ಸದ್ದು ಮಾಡದ ವಹಿನಿ, ಬಾಯಿಗೆ ಸೆರಗು ಒತ್ತಿಕೊಂಡು ಕಿರುಚಿದರು. ಎರಡನೆಯ ಬಾಗಿಲಿನ ಪೈಪಿಗೆ ಬಡಿದು ಡ್ರೋನು ಪಲ್ಟಿ ಹೊಡೆದು ಪಕ್ಕದ ಕಬ್ಬಿನೊಳಗೆ ಮಾಯವಾಯಿತು.

ನಾನು ದಾದಾನ ಮುಖ ನೋಡಲು ಅಂಜಿದೆ. ಕಬ್ಬಿನೊಳಗೆ ಅದು ಕೀಂ ಕೀಂ ಎಂದು ಕೂಗುತ್ತಿದ್ದುದನ್ನು ಹಿಡಿದು ಮಾನಸಿ ಹುಡುಕಿ ತಂದಳು. ಒಂದು ರೆಕ್ಕೆ ತುಂಡಾಗಿತ್ತು, ಮೂರನೆಯ ಮೋಟರಿನ ಒಂದು ತಂತಿ ಕಿತ್ತು ಜೋತಿತ್ತು. ದಾದಾ ಕನ್ನಡಕ ಹಣೆಗೇರಿಸಿ ಅದನ್ನು ಕೈಯಲ್ಲಿ ಹಿಡಿಯದೆಯೇ ದೂರದಿಂದ ನೋಡಿದ.

"ಏನ ಬಿಟ್ಟೈತಿ?"

"ಮೂರನೇದರ ನಡುವಿನ ತಂತಿ," ಅಂದೆ.

"ಹಚ್ಚು ಮತ್ತ," ಅಂದು ವಹಿನಿಯ ಡಬ್ಬಿಯ ಕಡೆ ತಿರುಗಿದ.

ಬ್ಯಾಟರಿಯಿಂದಲೇ ಕಾಯುವ ಒಂದು ಸಣ್ಣ ಕಡ್ಡಿ ಮಾನಸಿಯ ಹತ್ತಿರ ಇತ್ತು. ಅವಳ ಸ್ಕೂಟರಿನ ಸೀಟಿನ ಮೇಲೆ ಡ್ರೋನನ್ನು ಮಲಗಿಸಿ, ಹೊಲದ ಬಯಲಿನಲ್ಲಿ, ಬೆನ್ನಿಗೆ ಬಿಸಿಲು ತಾಗಿಸಿಕೊಂಡು ಬೆಸೆದೆ. ತಂತಿ ಕಾಯಿತು, ಸೀಸ ತಾನಾಗಿ ಹರಿಯಿತು. ಭೂತಗನ್ನಡಿ ಹಿಡಿದು ಅವನು ಬರುತ್ತಾನೆಂದು ಕಾದೆ. ಅವನು ಚಪಾತಿಯ ತುಂಡು ಬಾಯಿಗಿಟ್ಟುಕೊಂಡು ನದಿಯ ಕಡೆ ನೋಡುತ್ತ ಕೂತಿದ್ದ. "ಆತು," ಅಂದೆ. "ಆತೇನ? ತಾ," ಅಂದ. ತಿರುಗಿಸಿ ನೋಡಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ, ಸ್ಕೂಟರಿನ ಬಲ್ಬು ಕೇಳಲಿಲ್ಲ. ಬ್ಯಾಟರಿ ಚುಚ್ಚಿದ. ಮಾನಸಿ ಹೊಸ ರೆಕ್ಕೆ ಹಾಕಿ ಹೊಲದ ನಡುವೆ ಇಟ್ಟು ಬಂದಳು.

ಅದು ಎದ್ದದ್ದನ್ನು ಕಂಡೆ. ಆಮೇಲೆ ಖಾಲಿ ಕುರ್ಚಿಯೊಂದರಲ್ಲಿ ಕೂತು, ಒಂದು ಕ್ಷಣ ಕಣ್ಣು ಮುಚ್ಚೋಣ ಎಂದುಕೊಂಡವಳು ನಿದ್ದೆಹೋದೆ. ಬೀಳುವ ಭಯವಿಲ್ಲದ, ಯಾರೂ ಗಂಟೆ ಒತ್ತಿ ಕರೆಯದ ಅಂಥ ನಿದ್ದೆ ನನಗೆ ಬಂದು ಎಷ್ಟು ಕಾಲವಾಗಿತ್ತೋ. ಸಿಳ್ಳೆಯ ಸದ್ದು ಹತ್ತಿರ ಬಂದು ದೂರ ಹೋಗುವುದು ಮಾತ್ರ ನಿದ್ದೆಯೊಳಗೂ ಕೇಳುತ್ತಿತ್ತು.

ಎಚ್ಚರವಾದಾಗ ಬಿಸಿಲು ನೆತ್ತಿಗೇರಿತ್ತು. ಯಾರೋ ನನ್ನ ಮುಖದ ಮೇಲೆ ವಹಿನಿಯ ಶಾಲು ಹೊದಿಸಿದ್ದರು. ಮಾನಸಿ ಪೈಪಿನ ಬಾಗಿಲುಗಳನ್ನು ಕಿತ್ತು ಕಟ್ಟುತ್ತಿದ್ದಳು. ದಾದಾ ಕುರ್ಚಿಯಲ್ಲೇ ಇದ್ದ, ಕೈ ಮತ್ತೆ ನಡುಗುತ್ತಿತ್ತು, ಗುಳಿಗೆಯ ಹೊತ್ತು ಮೀರಿತ್ತು. ಎದ್ದು ಡಬ್ಬಿಯಿಂದ ಗುಳಿಗೆ ತೆಗೆದು ನೀರಿನ ಜೊತೆ ಕೊಟ್ಟೆ.

"ಯಾಕ ಎಬ್ಬಸಲಿಲ್ಲ?"

"ಮಲಗಲಿ ಅಂತ ಬಿಟ್ಟೇವಿ."

"ಹಾರೀತೇನ?"

"ಹಾರೂದೇನ, ಇದ್ದ ಬ್ಯಾಟರಿ ಎಲ್ಲಾ ಮುಗದೂ."

"ಬೆಸಗಿ ನಿಂತೈತೇನ ಮತ್ತ?"

ಅವನು ನೀರು ಕುಡಿದು ಲೋಟ ನನ್ನ ಕೈಗಿಟ್ಟು, ನಿಜವಾಗಿಯೂ ನೆನಪಿಗೆ ಬಾರದವನಂತೆ ನನ್ನನ್ನು ನೋಡಿದ.

"ಯಾವ ಬೆಸಗಿ?" ಅಂದ.